ತಮ್ಮನ ಮನೆಯ ಗಿಳಿಹಸಿರು ಕಂಬಿ

ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮೂರು, ತಮ್ಮನ ಮನೆಯ ಹಿತ್ತಲು. ಹಾಜರಿದ್ದವರು ಅವ್ವ, ತಮ್ಮ, ತಮ್ಮನ ಹೆಂಡತಿ ಮತ್ತು ನಾನು. ಹಿತ್ತಲಿನ ಆ ತುದಿಗೆ ಹೊಗೆಸೊಪ್ಪನ್ನು ಶಾಖಕ್ಕೆ ಹದಮಾಡುವ ಬ್ಯಾರನ್ನಿನ ಮುಂದೆ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಹೆಂಗಸರೂ ಇದ್ದರು. ಅವರು ನಮ್ಮ ಮಾತಿಗೆ ಸೇರಿದವರಲ್ಲ, ಆದರೆ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡರು.

ದಿನದ ಲೆಕ್ಕವನ್ನು ಹೀಗೆ ಶುರು ಮಾಡುವುದು ನೌಕರಿಯಿಂದ ಬಂದ ಅಭ್ಯಾಸ. ನಾಲೆಯ ತೂಬುಗಳಿಗೆ ಕೂರಿಸಿರುವ ಕಬ್ಬಿಣದ ಗೇಟುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಕೆ.ಆರ್. ನಗರ, ಹುಣಸೂರು, ಎಚ್.ಡಿ. ಕೋಟೆ ಎಂದು ಸುತ್ತಿ, ನಿವೃತ್ತನಾದ ಮೇಲೆ ಕೆ.ಆರ್. ನಗರದಲ್ಲೇ ಮನೆ ಕಟ್ಟಿಕೊಂಡೆ. ನೀರಿನಲ್ಲಿ ಅರ್ಧ, ಬಿಸಿಲಿನಲ್ಲಿ ಅರ್ಧ ನಿಂತಿರುವ ಕಬ್ಬಿಣವನ್ನು ತುಕ್ಕು ತಿನ್ನದಂತೆ ಕಾಯುವುದರಲ್ಲಿ ನನ್ನ ಆಯಸ್ಸು ಕಳೆದಿದೆ. ಅದನ್ನು ನನಗೆ ಹೇಳಿಕೊಡುವವರು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ ಎಂದುಕೊಂಡಿದ್ದೆ.

ನಮ್ಮ ಮನೆಯಲ್ಲಿ ಅವ್ವನ ವಾಸಕ್ಕೂ ಒಂದು ಕ್ರಮವಿದೆ. ಯುಗಾದಿಯಿಂದ ಮಹಾಲಯ ಅಮಾವಾಸ್ಯೆಯವರೆಗೆ ತಮ್ಮನ ಮನೆ, ಅಲ್ಲಿಂದ ಮುಂದಿನ ಯುಗಾದಿಯವರೆಗೆ ನನ್ನ ಮನೆ. ಅಪ್ಪ ಹೋದ ಮೇಲೆ ಅವ್ವನೇ ಮಾಡಿದ ಏರ್ಪಾಡು ಇದು. ಈ ಸಲ ಅಮಾವಾಸ್ಯೆ ಹತ್ತಿರ ಬಂದರೂ ಅವ್ವ ಹೊರಡುವ ಮಾತೆತ್ತಲಿಲ್ಲ. ಫೋನು ಮಾಡಿದರೆ, "ಇಲ್ಲಿ ಕಂಬಿ ಚೆನ್ನಾಗದೆ ಕಣ್ಲಾ, ಇಡ್ಕೊಂಡು ಓಡಾಡ್ಕೊಂಡಿವ್ನಿ. ಈಗ್ಲೇ ಬರಲ್ಲ ಬುಡು" ಅಂದಳು.

ಅವ್ವ ಹೇಳಿದ ಕಂಬಿ ಯಾವುದೆಂದು ನನಗೆ ಗೊತ್ತು. ಆ ಮಾತು ಕೇಳಿ ರಾತ್ರಿ ನಿದ್ದೆ ಬರಲಿಲ್ಲ.

ಹಿಂದಿನ ಮಾಘ ಮಾಸದಲ್ಲಿ ಅವ್ವ ನನ್ನ ಮನೆಯಲ್ಲಿದ್ದಾಗ ಅವಳ ಕಾಲು ಸೋತವು. ಗೋಡೆ ಹಿಡಿದು ನಡೆಯತೊಡಗಿದಳು. ನಾನು ತಡ ಮಾಡಲಿಲ್ಲ. ಅವಳ ಕೋಣೆಯ ಬಾಗಿಲಿನಿಂದ ಹಿತ್ತಲು ದಾಟಿ ಬಚ್ಚಲುಮನೆಯವರೆಗೆ ಸೊಂಟದ ಎತ್ತರಕ್ಕೆ ಹಿಡಿಕಂಬಿ ಹಾಕಿಸಿದೆ. ಬೆಸುಗೆ ಮಾತ್ರ ಬೇರೆಯವರದು, ಬಣ್ಣ ನನ್ನದೇ. ತಂತಿ ಬ್ರಷ್ಷಿನಿಂದ ತುಕ್ಕು ತೆಗೆದೆ, ಉಪ್ಪುಕಾಗದದಿಂದ ಉಜ್ಜಿದೆ, ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿದೆ. ಇಬ್ಬನಿ ಪೂರ್ತಿ ಆರುವವರೆಗೆ ಕಾದು, ಬಿಸಿಲು ಏರಿ ಕಬ್ಬಿಣ ಕೈಸುಡುವ ಮೊದಲೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹೊಡೆದೆ. ಕಾದ ಕಬ್ಬಿಣಕ್ಕೆ ಹೊಡೆದರೆ ಬಣ್ಣ ಹರಡುವ ಮೊದಲೇ ಒಣಗಿ, ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಮಳೆಗಾಲದಲ್ಲಿ ನೀರು ಒಳಗಿಳಿಯುವುದು ಅಲ್ಲಿಂದಲೇ. ಬೆಸುಗೆ ಇರುವ ಕಡೆ, ಅಂಚುಗಳ ಮೇಲೆ ಒಂದು ಸಲ ಹೆಚ್ಚು. ಮೇಲೆ ಎರಡು ಸಲ ತೆಳುವಾಗಿ ಬೂದುಬಣ್ಣದ ಎನಾಮೆಲ್. ಅದು ಒಣಗಿ ಗಟ್ಟಿಯಾಗುವವರೆಗೆ ಅವ್ವನನ್ನು ಮುಟ್ಟಗೊಡಲಿಲ್ಲ. ಅವಳು ದಿನವೂ, "ಇದೇನ್ಲಾ, ನಂಗಾಕ್ಸಿದ್ದೋ ನೋಡಕಾಕ್ಸಿದ್ದೋ?" ಎಂದು ಕೇಳುತ್ತಿದ್ದಳು. ಕಡೆಗೆ ಹಿಡಿದಾಗ ಅಂದದ್ದು ಒಂದೇ ಮಾತು. "ಆಸ್ಪತ್ರೆ ಮಂಚ ಇಡ್ಕಂಡಂಗೆ ಆಯ್ತದೆ."

ಯುಗಾದಿಗೆ ತಮ್ಮನ ಮನೆಗೆ ಹೋದಳು. ಅವನು ಟ್ರ್ಯಾಕ್ಟರಿನ ಹಳೇ ಟ್ರೇಲರಿನ ಪೈಪುಗಳನ್ನು ಕೀಳಿಸಿ, ಒಂದೇ ದಿನದಲ್ಲಿ ಕಂಬಿ ನಿಲ್ಲಿಸಿ, ಹೊಸ ಟ್ರೇಲರಿಗೆ ತಂದು ಉಳಿದಿದ್ದ ಗಿಳಿಹಸಿರು ಬಣ್ಣವನ್ನು ಅದರ ಮೇಲೆ ಬಳಿದ. ಕಂಬಗಳ ತಲೆಗೆ ಹಳದಿ. ಅವ್ವ ಅದೇ ಸಂಜೆ ಹಿಡಿದಳಂತೆ, ಕೈಯೆಲ್ಲ ಹಸಿರಾಯಿತಂತೆ, ನಕ್ಕಳಂತೆ. ತಮ್ಮನ ಹೆಂಡತಿ ಅದರ ಫೋಟೋ ತೆಗೆದು ನನ್ನ ಹೆಂಡತಿಗೆ ಕಳಿಸಿದಳು. ಹಸಿರು ಅಂಗೈ ಎತ್ತಿ ತೋರಿಸುತ್ತಿರುವ ಅವ್ವ! ನನ್ನ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ.

ಒಂದು ಮಳೆಗಾಲ ಬರಲಿ, ಗೊತ್ತಾಗುತ್ತದೆ ಎಂದು ಸುಮ್ಮನಿದ್ದೆ. ಮಳೆಗಾಲ ಬಂತು. ಗುಳ್ಳೆ ಎದ್ದದ್ದು ನನ್ನ ಕಂಬಿಗೆ.

ಕಂಬ ಕಂಬದ ತಲೆಯಲ್ಲೂ ಬಣ್ಣ ಉಬ್ಬಿತು. ಉಗುರು ತಗುಲಿಸಿದರೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ಕೆಂಪು ಹುಡಿ. ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಬಂದ ತಮ್ಮ ಅದನ್ನು ನೋಡಿ, "ಅಣ್ಣ, ನಿನ್ ಕಂಬಿಗೆ ಅಮ್ಮ ಆಗದಲ್ಲ! ಬೇವಿನ ಸೊಪ್ಪು ಕಟ್ಟು" ಅಂದ. ಹೆಂಗಸರೆಲ್ಲ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಬಣ್ಣದ ಡಬ್ಬ ಕೊಟ್ಟ ಅಂಗಡಿಯವನ ಮೇಲೆ ನನಗೆ ಅನುಮಾನ ಬಂತು. ಆದರೆ ಅದೇ ಡಬ್ಬದ ಬಣ್ಣ ಹೊಡೆದ ನಮ್ಮ ಮನೆಯ ಗೇಟು ನೆಟ್ಟಗಿತ್ತು. ಕಾರಣ ತಿಳಿಯದೆ ಮತ್ತೆ ಬಣ್ಣ ಹೊಡೆಯಬಾರದು ಎಂಬುದು ನಿಯಮ. ಕಂಬಿ ಹಾಗೇ ಉಳಿಯಿತು.

ಆ ಭಾನುವಾರ ಅವ್ವನನ್ನು ಕರೆತರಲು ಕಾರಿನಲ್ಲಿ ಹೊರಟಾಗ ಹೆಂಡತಿ ಗೇಟಿನ ಹತ್ತಿರ ನಿಂತು, "ಕರ್ಕೊಂಡು ಬನ್ನಿ ಅಷ್ಟೇ. ಅಲ್ಲಿ ಪೇಂಟಿನ ಪುರಾಣ ತೆಗೀಬೇಡಿ" ಅಂದಳು. ಡಿಕ್ಕಿಯಲ್ಲಿ ನನ್ನ ಚೀಲ ಯಾವಾಗಲೂ ಇರುತ್ತದೆ. ತಂತಿ ಬ್ರಷ್ಷು, ಉಪ್ಪುಕಾಗದ, ಥಿನ್ನರ್, ಒಂದು ಡಬ್ಬ ರೆಡ್ ಆಕ್ಸೈಡ್. ಅದನ್ನು ಇಳಿಸಿ ಹೋಗಿ ಎಂದು ಅವಳು ಹೇಳಲಿಲ್ಲ.

ನಾನು ಹೋದಾಗ ಅವ್ವ ಹಸಿರು ಕಂಬಿ ಹಿಡಿದು ಬ್ಯಾರನ್ನಿನ ಕಡೆಗೆ ನಡೆದು ಬರುತ್ತಿದ್ದಳು. ಬಗ್ಗಿದ್ದ ಬೆನ್ನು ಸ್ವಲ್ಪ ನೆಟ್ಟಗಾದಂತೆ ಕಂಡಿತು. ನನ್ನನ್ನು ನೋಡಿ, "ಬಂದ್ಯಾ? ಕಾಪಿ ಕುಡಿ ಓಗು" ಎಂದು ಹೇಳಿ, ನಿಲ್ಲದೆ ಹೆಂಗಸರ ಹತ್ತಿರ ಹೋಗಿ ಸೊಪ್ಪಿನ ರಾಶಿಯ ಪಕ್ಕ ಕುಳಿತಳು. ಅವರಲ್ಲೊಬ್ಬಳು, "ಅಜ್ಜಿ, ದೊಡ್ಮಗ ಬಂದವ್ರೆ, ಒಂಟೋಯ್ತೀಯ?" ಎಂದು ಕೇಳಿದಳು. ಅವ್ವ ಎಲೆಗಳನ್ನು ಜೋಡಿಸಿ ಕೊಡತೊಡಗಿದಳು.

ಕಾಫಿ ಕುಡಿದು ನಾನು ನೆಟ್ಟಗೆ ಕಂಬಿಯ ಹತ್ತಿರ ಹೋದೆ. ಬ್ಯಾರನ್ನಿನ ಹೊಗೆ, ಈ ಕಡೆಯ ಜಡಿಮಳೆ, ಕೋಳಿಗಳ ಹಿಕ್ಕೆ, ಇಷ್ಟಿದ್ದರೂ ಹಸಿರು ಮಿನುಗುತ್ತಿತ್ತು. ಕಾರಣ ನನಗೆ ಗೊತ್ತು. ಟ್ರೇಲರಿನ ಪೈಪಿಗೆ ಕಾರ್ಖಾನೆಯಲ್ಲೇ ಕ್ರಮವಾಗಿ ಬಣ್ಣ ಹೊಡೆದಿರುತ್ತಾರೆ. ತಮ್ಮ ಅದರ ಮೇಲೆ ಬರೀ ಶೃಂಗಾರ ಮಾಡಿದ್ದ. ಯಾರೋ ಮಾಡಿದ ಅಡುಗೆಗೆ ಕೊತ್ತಂಬರಿ ಸೊಪ್ಪು ಉದುರಿಸಿ ಹೊಗಳಿಸಿಕೊಂಡಂತೆ. ಆದರೆ ಇದನ್ನೆಲ್ಲ ಯಾರಿಗೆ ಹೇಳುವುದು? ಕುಕ್ಕರುಗಾಲಿನಲ್ಲಿ ಕುಳಿತು ಕಂಬಗಳ ಬುಡ ನೋಡಿದೆ. ಕಂಬ ಸಿಮೆಂಟಿನೊಳಗೆ ಇಳಿಯುವ ಕಡೆ ನೀರು ನಿಂತು ಮೊದಲು ಕೆಡುತ್ತದೆ. ಎರಡನೆಯ ಕಂಬದ ಬುಡದಲ್ಲಿ ಬಟಾಣಿ ಗಾತ್ರದ ಒಂದು ಗುಳ್ಳೆ ಸಿಕ್ಕಿತು. ಒತ್ತಿದೆ. ಒಡೆದು ಕಂದು ನೀರು ಬಂತು. ಆ ಹೊತ್ತು ನನಗಾದ ಸಂತೋಷ ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ಆದಷ್ಟೇ ಇತ್ತು.

"ಲೋ, ಬಾ ಇಲ್ಲಿ" ಎಂದು ತಮ್ಮನನ್ನು ಕರೆದೆ.

ಅವನು ಬಂದು ಬಗ್ಗಿ ನೋಡಿದ. "ಏನಣ್ಣ ಇದು, ಸಾಸಿವೆ ಕಾಳಷ್ಟದೆ."

"ಇವತ್ತು ಸಾಸಿವೆ. ನಾಳೆ ಅವ್ವ ಕೈಯೂರಿದಾಗ ಕಂಬ ಮುರೀತದೆ. ಪೂರ್ತಿ ಕೆರೆದು ಹೊಸದಾಗಿ ಹೊಡೀಬೇಕು."

"ಪೂರ್ತಿನಾ? ಇದೊಂದ್ ಜಾಗಕ್ಕೆ ಒಸಿ ಬಳುದ್ರೆ ಸಾಲ್ದಾ?"

"ಸಾಲಲ್ಲ."

ಸಾಲುತ್ತಿತ್ತು. ಬುಡಗಳನ್ನು ಕೆರೆದು ತೇಪೆ ಹಾಕಿದ್ದರೆ ಇನ್ನೆರಡು ಮಳೆಗಾಲ ನಿಲ್ಲುತ್ತಿತ್ತು. ಆದರೆ ಕಂಬಿಯನ್ನು ಪೂರ್ತಿ ಬೆತ್ತಲೆ ಮಾಡಿ ಹಸಿ ಬಣ್ಣ ಹೊಡೆದರೆ ಅವ್ವ ಅದನ್ನು ಕೆಲವು ದಿನ ಮುಟ್ಟುವಂತಿಲ್ಲ. ಹಿಡಿಯಲು ಕಂಬಿ ಇಲ್ಲದ ಮನೆಯಲ್ಲಿ ಅವಳು ಇರುವುದು ಹೇಗೆ? ನನ್ನ ಜೊತೆ ಕಾರು ಹತ್ತಲೇಬೇಕು.

ತಮ್ಮ ನನ್ನ ಮುಖ ನೋಡಿ ನಕ್ಕ. "ಕೆರ್ಕೋ ಬುಡಣ್ಣ. ನಿಂಗೆ ಕೈ ಸುಮ್ಕಿರಲ್ಲ. ನಾನು ಒಲೆ ನೋಡ್ತೀನಿ" ಎಂದು ಬ್ಯಾರನ್ನಿಗೆ ಸೌದೆ ಹಾಕಲು ಹೋದ.

ಹಸಿರು ಸಿಪ್ಪೆ ಸಿಪ್ಪೆಯಾಗಿ ಬೀಳುತ್ತಿದ್ದರೆ ತೋಳಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು. ಹಳದಿ ತಲೆಗಳನ್ನು ಮೊದಲು ಕೆರೆದೆ. ಸೊಪ್ಪು ಕಟ್ಟುವ ಹೆಂಗಸರು, "ಅಯ್ಯೋ, ಚೆಂದಾಗಿದ್ದಿದ್ದ ಯಾಕ್ ಕೆರೀತವ್ರೆ?" "ದೊಡ್ಡೋರಿಗೆ ಏನ್ ತೀಟೆಯೋ!" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಕೇಳಿಸಲೆಂದೇ ಅಂದದ್ದು. ಹನ್ನೊಂದರ ಹೊತ್ತಿಗೆ ಕಾರ್ಖಾನೆಯ ಬಣ್ಣವೂ ಹೋಗಿ ಕಬ್ಬಿಣ ಬೂದಿಯ ಬಣ್ಣಕ್ಕೆ ಬಂತು. ಥಿನ್ನರಿನಿಂದ ಒರೆಸಿ ಮುಗಿಸಿದೆ.

ಹನ್ನೊಂದಕ್ಕೆ ನನ್ನ ಊಟ. ನೌಕರಿ ಸೇರಿದ ದಿನದಿಂದ ಅದು ತಪ್ಪಿಲ್ಲ. ಕೈತೊಳೆದು ಒಳಗೆ ಹೋದೆ. ತಮ್ಮನ ಹೆಂಡತಿ ಮುದ್ದೆ, ಅವರೆಕಾಳು ಸಾರು ಬಡಿಸಿ ತಟ್ಟೆ ಮುಚ್ಚಿಟ್ಟಿದ್ದಳು. ಆದರೆ ಅವಳು ಕಾಣಲಿಲ್ಲ. ಒಬ್ಬನೇ ಉಂಡು, ಬಾಯಿ ಮುಕ್ಕಳಿಸಿ ಹಿತ್ತಲಿಗೆ ಬಂದೆ.

ಅವ್ವ ಬೆತ್ತಲೆ ಕಂಬಿಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ತಮ್ಮನ ಹೆಂಡತಿ ಪಕ್ಕದಲ್ಲಿ ಬಟ್ಟಲು ಹಿಡಿದಿದ್ದಳು. ಅವ್ವ ಬಲಗೈಯ ಮೂರು ಬೆರಳನ್ನು ಬಟ್ಟಲಿಗೆ ಅದ್ದಿ ಒಂದು ಕಂಬದ ತಲೆಗೆ ಮುಟ್ಟಿಸಿದಳು. ನೀವಿದಳು. ಸೆರಗಿನಿಂದ ಮೆತ್ತಗೆ ಒರೆಸಿದಳು. ಮುಂದಿನ ಕಂಬಕ್ಕೆ ಬಂದಳು. ಹಬ್ಬದ ದಿನ ಎಣ್ಣೆನೀರಿಗೆ ಮೊದಲು ನಮ್ಮ ನೆತ್ತಿಗೆ ಹೇಗೆ ಮುಟ್ಟಿಸುತ್ತಿದ್ದಳೋ ಹಾಗೆ.

"ಅವ್ವ, ಏನದು?"

"ಅಳ್ಳೆಣ್ಣೆ ಕಣ್ಲಾ."

"ಕಬ್ಬಿಣಕ್ಕೆ ಯಾಕವ್ವ ಹರಳೆಣ್ಣೆ?"

"ಇನ್ಯಾತಕ್ಕೆ ಮುಟ್ಟುಸ್ತಾರೆ? ಮನೇಗೆ ಒಸಾ ಕುಡ್ಲು ಬಂದ್ರೆ, ನೇಗಿಲ್ ಗುಳ ಬಂದ್ರೆ ಎಣ್ಣೆ ಮುಟ್ಟುಸ್ದೆ ಮಡಗಿದ್ವಾ? ತುಕ್ಕು ಇಡೀಬಾರ್ದು ಅಂತ. ನೀನು ಬಣ್ಣ ಬಳ್ದ್ ಮ್ಯಾಲೆ ಎಣ್ಣೆ ಒಳೀಕ್ಕೆ ಇಳಿಯಲ್ಲ. ಅದ್ಕೇ ಮೊದ್ಲೇ ಮುಟ್ಟುಸ್ತಿವ್ನಿ."

ನಿಧಾನವಾಗಿ ಕೇಳಿದೆ. "ನನ್ನ ಮನೆ ಕಂಬಿಗೂ ಮುಟ್ಟಿಸಿದ್ದೆಯಾ?"

"ಇಲ್ದೆ? ನೀನು ಉಣ್ಣಕೂತಿದ್ದಾಗ ಒಂದೊಂದ್ ಕಂಬಕ್ಕೂ ಮುಟ್ಟುಸ್ದೆ. ನಿನ್ನೆದ್ರುಗೆ ಮಾಡುದ್ರೆ ಬಯ್ತಿದ್ದೆ."

ಬಣ್ಣ ಅಂಟುವುದು ಬರಿಯ ಕಬ್ಬಿಣಕ್ಕೆ. ನಡುವೆ ಬೆವರು ಬಿದ್ದರೂ ಬಿಡುತ್ತದೆ. ಎಣ್ಣೆ ಇದ್ದರೆ ಹೇಳುವುದೇ ಬೇಡ. ಚಳಿಗಾಲದಲ್ಲಿ ಅಂಟಿದಂತೆ ನಟಿಸಿ, ಬಿಸಿಲು ಮಳೆ ಒಂದಾದ ಮೇಲೊಂದು ಬಿದ್ದಾಗ ಕೈಬಿಡುತ್ತದೆ. ಪ್ರತಿಯೊಂದು ಕಂಬದ ತಲೆಯಲ್ಲೇ ಯಾಕೆ ಗುಳ್ಳೆ ಎದ್ದಿತು ಎಂಬುದು ಆಗ ತಿಳಿಯಿತು. ಅಂಗಡಿಯವನ ಪಾಪವನ್ನು ಸುಮ್ಮನೆ ಕಟ್ಟಿಕೊಂಡಿದ್ದೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೇರೆ ಪ್ರಶ್ನೆ ಬಂತು. "ಇವನು ಯುಗಾದಿಗೆ ಹಾಕಿದ ಕಂಬಿಗೂ ಮುಟ್ಟಿಸಿದ್ದೆಯಾ?"

"ಇವುಂದು ಬಣ್ಣದ್ ಪೈಪೇ ಬಂತಲ್ಲ. ಬರೀ ಕಬ್ಣ ಎಲ್ಲಿತ್ತು ಮುಟ್ಸಕೆ? ನಿಂದುಕ್ಕೆ ಒಂದ್ಕೇ ಮುಟ್ಟುಸಿದ್ದು."

ನನ್ನದಕ್ಕೆ ಒಂದಕ್ಕೇ! ಆ ಮಾತನ್ನು ತಮ್ಮನೂ ಕೇಳಲಿ ಎಂದು ಬ್ಯಾರನ್ನಿನ ಕಡೆ ನೋಡಿದೆ. ಅವನು ಆಗಲೇ ಬಂದು ಹಿಂದೆ ನಿಂತಿದ್ದ. "ನೋಡ್ದಾ, ದೊಡ್ಮಗುಂಗೆ ಮಾತ್ರ ಎಣ್ಣೆ. ಅಂಗಾದ್ರೆ ನಮ್ದುಕ್ಕೂ ಈಗ ಚೆನ್ನಾಗಿ ಮುಟ್ಟುಸವ್ವ, ಒಂದ್ ಕಂಬನೂ ಬುಡ್ಬೇಡ" ಅಂದ.

ಅವ್ವ ಕೊನೆಯ ಕಂಬದವರೆಗೂ ಮುಟ್ಟಿಸಿದಳು. ನಾನು ಬ್ರಷ್ಷು ಹಿಡಿದು ನಿಂತಿದ್ದೆ. ಆ ಎಣ್ಣೆಯ ಮೇಲೆ ರೆಡ್ ಆಕ್ಸೈಡ್ ಹೊಡೆದುಬಿಟ್ಟರೆ ಸಾಕು. ಮುಂದಿನ ಗೌರಿ ಹಬ್ಬದ ಹೊತ್ತಿಗೆ ಈ ಕಂಬಿಗೂ ಗುಳ್ಳೆ ಏಳುತ್ತದೆ. ಬೇವಿನ ಸೊಪ್ಪು ಕಟ್ಟು ಎಂದು ಹೇಳುವ ಸರದಿ ನನ್ನದಾಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ನಾನು ಮಾಡಿದ್ದಲ್ಲ, ಅವ್ವ ಮಾಡಿದ್ದು.

ಆದರೆ ಇನ್ನೊಂದು ಕಡೆ ಉರಿಯಿತು. ಇದುವರೆಗೆ ನನ್ನ ಕಂಬಿಗೆ ಮಾತ್ರ ಸಿಕ್ಕಿದ್ದ ಅವ್ವನ ಎಣ್ಣೆ ಈಗ ಇವನದಕ್ಕೂ ಬಂದಿತ್ತು. ಬಟ್ಟೆಗೆ ಥಿನ್ನರ್ ಸುರಿದುಕೊಂಡು ಮೊದಲನೆಯ ಕಂಬಕ್ಕೆ ಕೈಹಾಕಿದೆ. ತಲೆಯಿಂದ ಬುಡದವರೆಗೆ ಒರೆಸಿದೆ, ಬಟ್ಟೆ ಬದಲಿಸಿ ಮತ್ತೆ ಒರೆಸಿದೆ. ಕೆಲಸದ ನಿಯಮವೂ ಅದೇ, ನನ್ನ ಮನಸ್ಸಿಗೆ ಬೇಕಾದದ್ದೂ ಅದೇ. ಅಷ್ಟು ಶ್ರದ್ಧೆಯಿಂದ ನಾನು ಯಾವ ಗೇಟನ್ನೂ ಒರೆಸಿರಲಿಲ್ಲ.

"ಎಲ್ಲಾ ಒರುಸ್ಬುಟ್ಯಲ್ಲಾ, ಮೂದೇವಿ!" ಎಂದಳು ಅವ್ವ.

"ಎಣ್ಣೆ ಇದ್ದರೆ ಬಣ್ಣ ಹಿಡಿಯಲ್ಲ ಅವ್ವ. ನನ್ನ ಕಂಬಿ ಕೆಟ್ಟದ್ದು ಅದರಿಂದಲೇ."

ಅವ್ವ ಬೆರಳಿನ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. "ನಿನ್ ಬಣ್ಣ ಅಷ್ಟು ಬಡವಾ? ಒಂದ್ ತೊಟ್ಟು ಎಣ್ಣೆ ತಡ್ಕಳಲ್ವಾ?" ಎಂದಳು. ಹೆಂಗಸರು ಗೊಳ್ಳೆಂದು ನಕ್ಕರು.

ಕೊಡಗಿನ ಕಡೆ ಮೋಡ ಇರಲಿಲ್ಲ. ಮಧ್ಯಾಹ್ನ ಕಳೆದು ತೆಂಗಿನ ನೆರಳು ಕಂಬಿಯ ಮೇಲೆ ಬಿದ್ದು ಕಬ್ಬಿಣ ತಣ್ಣಗಾಗುವವರೆಗೆ ಕಾದು ರೆಡ್ ಆಕ್ಸೈಡ್ ಶುರು ಮಾಡಿದೆ. ಬೆಸುಗೆಗಳು ಮೊದಲು, ಬುಡಗಳು ಆಮೇಲೆ, ಉಳಿದದ್ದು ಕಡೆಗೆ. ನಾಲ್ಕು ಗಂಟೆಗೆ ಮುಗಿಯಿತು. ಅವ್ವ ಅಷ್ಟರಲ್ಲಿ ಒಳಗೆ ಮಲಗಿ ಎದ್ದಿದ್ದಳು. ನಾನು ಕಾದಿದ್ದ ಹೊತ್ತು ಅದು.

"ಹಸಿ ಬಣ್ಣ, ಹಿಡಿಯೋ ಹಾಗಿಲ್ಲ. ಮೇಲಿನ ಬಣ್ಣ ಆಗಿ ಗಟ್ಟಿಯಾಗೋವರೆಗೆ ಕೆ.ಆರ್. ನಗರಕ್ಕೆ ಹೋಗೋಣ ನಡಿ, ಕಾರು ತಂದಿದ್ದೀನಿ" ಅಂದೆ.

ಅವ್ವ ಬಾಗಿಲಲ್ಲಿ ನಿಂತು, "ಲೋ ಚಿಕ್ಕೋನೆ" ಎಂದು ಕೂಗಿದಳು. ತಮ್ಮ ಬ್ಯಾರನ್ನಿನಿಂದ ಓಡಿಬಂದು ಬೆನ್ನು ಬಗ್ಗಿಸಿದ. ಅವ್ವ ಅವನ ಹೆಗಲ ಮೇಲೆ ಕೈಯಿಟ್ಟಳು. ಕಂಬಿ ಹಿಡಿದು ನಡೆಯುವುದಕ್ಕಿಂತ ಬೇಗ, ಅವನ ಮೇಲೆ ಭಾರ ಹಾಕಿಕೊಂಡು, ಏನೋ ಬಯ್ಯುತ್ತಾ ನಡೆದು ಹೆಂಗಸರ ನಡುವೆ ಕುಳಿತಳು. ನಾನು ಬೆಳಗಿನಿಂದ ಕೆರೆದು ಒರೆಸಿ ಬಳಿದು ಮಾಡಿದ್ದು ಇಷ್ಟು. ಕಬ್ಬಿಣ ಇದ್ದ ಜಾಗದಲ್ಲಿ ತಮ್ಮನ ಹೆಗಲನ್ನೇ ತಂದು ನಿಲ್ಲಿಸಿದ್ದೆ.

ನಾನೂ ಹೋಗಿ ಸೊಪ್ಪಿನ ರಾಶಿಯ ಹತ್ತಿರ ನಿಂತೆ. ತಮ್ಮ ಒಲೆಗೆ ವಾಪಸು ಹೋಗಿದ್ದ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. "ಅವ್ವ, ನನ್ನ ಮನೆಗೆ ಬರೋಕೆ ನಿನಗೆ ಏನು ಕಷ್ಟ? ಹೇಳು" ಎಂದೆ.

ಅವಳು ಎಲೆ ಜೋಡಿಸುವುದನ್ನು ನಿಲ್ಲಿಸಲಿಲ್ಲ. "ಕಷ್ಟ ಏನೂ ಇಲ್ಲ ಕಣ್ ಮಗ. ಒತ್ತೊತ್ತಿಗೆ ಊಟ, ಮಾತ್ರೆ, ಎಲ್ಲಾ ನೆಟ್ಗದೆ. ಆದ್ರೆ ನಿನ್ ಕಂಬಿ ಇಡ್ಕೊಂಡ್ ಓದ್ರೆ ಬಚ್ಲು ಸಿಕ್ತದೆ. ಇವುನ್ ಕಂಬಿ ಇಡ್ಕೊಂಡ್ ಓದ್ರೆ ಇವ್ರು ಸಿಕ್ತಾರೆ. ದಿನಕ್ಕೆ ಎಷ್ಟ್ ಸತಿ ಅಂತ ಬಚ್ಲಿಗೆ ಓಗ್ಲಿ?"

ಹೆಂಗಸರು ಈ ಸಲ ನಗಲಿಲ್ಲ. ಒಬ್ಬಳು ಕಡ್ಡಿ ಎತ್ತಿ ಪಕ್ಕಕ್ಕಿಟ್ಟಳು.

ನನ್ನ ಮನೆಯ ಮುಂಬಾಗಿಲಿನ ಆಚೆ ಜಗಲಿ ಇದೆ. ಅದರ ಮುಂದೆ ಸಂಜೆ ಹೊತ್ತು ನಾಲೆಯ ಕಡೆಯಿಂದ ಬಟ್ಟೆ ಒಗೆದುಕೊಂಡು, ಹಾಲು ಹಾಕಿ ಬರುವವರು ಓಡಾಡುತ್ತಾರೆ. ಅವ್ವ ಅಲ್ಲಿಗೆ ಹೋಗಬೇಕಾದರೆ ನಡುಮನೆ ದಾಟಿ ಎರಡು ಮೆಟ್ಟಿಲು ಇಳಿಯಬೇಕು. ಬೀಳುತ್ತಾಳೆಂದು ನಾನೇ ಬೇಡ ಎಂದಿದ್ದೆ. ಅಲ್ಲೇ ನಿಂತು ಬೆಸುಗೆಯವನಿಗೆ ಫೋನು ಮಾಡಿದೆ. ನಡುಮನೆಯಿಂದ ಜಗಲಿಯವರೆಗೆ ಕಂಬಿ, ಮೆಟ್ಟಿಲಿಗೆ ಎರಡೂ ಕಡೆ. ಮಂಗಳವಾರ ಬಾ ಎಂದೆ. ಅವ್ವ ಕಿವಿ ಇತ್ತಲೇ ಇಟ್ಟಿದ್ದಳು.

"ಬಣ್ಣ ಯಾವ್ದು?" ಎಂದು ಕೇಳಿದಳು.

"ಬೂದು."

"ಬ್ಯಾಡ. ಇವುನ್ ತರ ಗಿಳಿ ಬಣ್ಣ ಬಳುಸು, ಬತ್ತೀನಿ. ಸೊಪ್ಪು ಕಟ್ಟೋದು ಮುಗೀಲಿ, ವಿಜಯದಶಮಿ ಕಳ್ದ್ ಮ್ಯಾಲೆ ಬತ್ತೀನಿ."

ಇವನ ಥರ! ಆ ಎರಡು ಮಾತು ಇಲ್ಲದಿದ್ದರೆ ನಾನು ಪೂರ್ತಿ ಗೆದ್ದಂತಿತ್ತು. ಆಗಲಿ ಎಂದೆ. ಬಣ್ಣ ಯಾವುದಾದರೂ ಕೆಳಗಿನ ಕೆಲಸ ನನ್ನದೇ ಆಗಿರುತ್ತದೆ. ನನ್ನ ಮನೆಯ ಗಿಳಿಹಸಿರು ಇವನದಕ್ಕಿಂತ ಹೆಚ್ಚು ವರ್ಷ ಮಿನುಗುತ್ತದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಅವ್ವ ಹೊರಟಿದ್ದರೆ ಅವಳನ್ನು ಮನೆಗೆ ಬಿಟ್ಟು ಬೆಳಿಗ್ಗೆ ಮತ್ತೆ ಬರುತ್ತಿದ್ದೆ. ಈಗ ಒಬ್ಬನೇ ಹೊರಡುವಂತಿರಲಿಲ್ಲ. ರೆಡ್ ಆಕ್ಸೈಡ್ ಬಳಿದು ಮೇಲಿನ ಬಣ್ಣ ಕೊಡದೆ ಬಿಟ್ಟು ಹೋಗುವುದು ನನ್ನಿಂದಾಗದು. ಹೆಂಡತಿಗೆ ಫೋನು ಮಾಡಿ ನಾಳೆ ಬರುತ್ತೇನೆ ಎಂದೆ. "ಪುರಾಣ ತೆಗೆದ್ರಾ?" ಎಂದು ಕೇಳಿ ಇಟ್ಟಳು. ತಮ್ಮ ಒಲೆ ಬಿಟ್ಟು ಬರುವಂತಿರಲಿಲ್ಲವಾದ್ದರಿಂದ ಕತ್ತಲಾಗುವ ಮೊದಲು ಅವ್ವನನ್ನು ಕೋಣೆಗೆ ಕರೆತಂದವನು ನಾನು. ನನ್ನ ಹೆಗಲು ತಮ್ಮನದಕ್ಕಿಂತ ಎತ್ತರ, ಅವಳ ಕೈ ಎಟುಕಲಿಲ್ಲ. ಮೊಣಕೈ ಹಿಡಿದುಕೊಂಡಳು. "ಥಿನ್ನರ್ ನಾತ" ಎಂದು ಮೂಗು ಮುರಿದಳು, ಕೈ ಬಿಡಲಿಲ್ಲ.

ಹಿತ್ತಲಿಗೆ ವಾಪಸು ಬಂದಾಗ ಕೋಳಿಗಳು ಒಂದೊಂದಾಗಿ ಹಸಿ ಕಂಬಿಯ ಮೇಲೆ ಕೂರಲು ಹಾರುತ್ತಿದ್ದವು. ಅದು ಅವುಗಳ ದಿನದ ಜಾಗ. ಅಟ್ಟಿಸಿಕೊಂಡು ಹೋಗಿ ಎಲ್ಲವನ್ನೂ ಹಿಡಿದು ಮಂಕರಿ ಬುಟ್ಟಿಯ ಕೆಳಗೆ ಮುಚ್ಚಿ, ಮೇಲೆ ಒಂದು ಕಲ್ಲು ಹೇರಿದೆ. ಕೆಂಪು ಹುಂಜ ಕಡೆಗೆ ಸಿಕ್ಕಿತು. ಬ್ರಷ್ಷನ್ನು ಥಿನ್ನರಿನಲ್ಲಿ ತೊಳೆದು, ಕೂದಲು ನೆಟ್ಟಗೆ ಮಾಡಿ, ತೊಲೆಯ ಮೊಳೆಗೆ ನೇತುಹಾಕಿದೆ.